ದಿಂಬು ಹಿಡಿಯಲು ಕಲಿಸಿದವರಿಗೆ

ಅಕ್ಕಾ,

ನೀವು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ನಿಮ್ಮವರನ್ನು ಮದುವೆಯಾದವಳು ನಾನು. ಮದುವೆಯ ದಿನದಿಂದ ನನ್ನ ಕಾಲು ನೆಲದ ಮೇಲೇ ಇರಲಿಲ್ಲ! ಅಷ್ಟರಲ್ಲಿ ಇವರಿಗೆ ತಡೆಯಲಾರದ ಹೊಟ್ಟೆನೋವು. ನಿಮ್ಮ ಕಾಲದಲ್ಲಿ ಆಪರೇಷನ್ ಆದ ಜಾಗದಲ್ಲೇ ಕರುಳು ಅಂಟಿಕೊಂಡಿತ್ತಂತೆ. ನಿನ್ನೆ ಮತ್ತೆ ಕೊಯ್ದು ಬಿಡಿಸಿದರು. ನೋಡಿ, ಇವರ ಕಾಯಿಲೆಯೂ ನಿಮ್ಮದೇ.

"ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡೀಬೇಕು. ಇಲ್ದಿದ್ರೆ ಹೊಲಿಗೆ ಬಿಟ್ಟು, ಮತ್ತೆ ಕೊಯ್ಯೋ ಹಾಗಾಗುತ್ತೆ. ನೀನೇ ಕಲಿಸಮ್ಮಾ" ಎಂದರು ಡಾಕ್ಟರು. ನರ್ಸ್ ಹತ್ತಿರ ಕಲಿತುಕೊಂಡು, ಬಲು ಜಂಬದಿಂದ ದಿಂಬು ಹಿಡಿದು ಇವರ ಕೋಣೆಗೆ ಹೋದೆ. ಅಷ್ಟರಲ್ಲಿ ಕೆಮ್ಮು ಬಂತು. ಇವರು ದಿಂಬನ್ನು ನನ್ನ ಕೈಯಿಂದ ಕಿತ್ತುಕೊಂಡು, ಮಂಡಿ ಮಡಚಿ, ಸರಿಯಾಗಿ ಒತ್ತಿಕೊಂಡರು.

"ಯಾರ್ರೀ ಹೇಳ್ಕೊಟ್ಟಿದ್ದು?"

"ಇನ್ಯಾರು, ಅವಳೇ ಕಣೇ."

ನನಗೆ ಮೈಯೆಲ್ಲ ಉರಿದುಹೋಯಿತು.

"ಇನ್ನೂ ಏನೇನು ಮಾಡ್ತಿದ್ರು ನಿಮ್ಮ ಮಹಾರಾಣಿ?"

"ಹೊರಗೆ ಹೋಗಿ ಅತ್ತು, ಮುಖ ತೊಳ್ಕೊಂಡು ಬಂದು, ನನ್ನ ಮುಂದೆ ನಗ್ತಿದ್ಲು."

ಆಗಷ್ಟೇ ಹೊರಗೆ ತೊಳೆದುಕೊಂಡು ಬಂದಿದ್ದ ನನ್ನ ಮುಖ ಇನ್ನೂ ಒದ್ದೆಯಾಗಿತ್ತು. ಅದನ್ನಾದರೂ ನನಗೆಂದು ಬಿಟ್ಟುಹೋಗಬಾರದಿತ್ತೇ, ಅಕ್ಕಾ?