ಹೀರುಹಾಸು ಕಿತ್ತೆಸೆದ ದಿನ

ಗದಗ
ಫೆಬ್ರವರಿ ಮೂವತ್ತು, 2231

ಮುತ್ತಜ್ಜಿಯರ ಮುತ್ತಜ್ಜಿಯರಿಗೆ, ಮುತ್ತಜ್ಜಂದಿರಿಗೆ ನಮಸ್ಕಾರ.

ಫೆಬ್ರವರಿಗೆ ಮೂವತ್ತನೇ ದಿನ ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ. ನಡುವೆ ಪಂಚಾಂಗ ತಿದ್ದಿದ್ದಾರೆ. ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಹೇಳಬೇಕಾದ್ದು ನಾಯಿಯ ಉಚ್ಚೆಯ ವಿಷಯ. ಮೂಗು ಮುರಿಯದೆ ಓದಿ.

ಮುದಿ ನಾಯಿ ಮನೆಯೊಳಗೆ ಒದ್ದೆ ಮಾಡಿದರೆ ನೀವು ಬೈಯುತ್ತಿದ್ದಿರಂತೆ. ನಮ್ಮಲ್ಲಿ ಬೈಯುವವರೇ ಇಲ್ಲ, ಅದೇ ಪೀಡೆ! ಅದರ ಕೊರಳಿಗೆ ಹಾರ ಹಾಕಿ, ಓಣಿಗೆಲ್ಲ ಸಿಹಿ ಮಾದಲಿ ಹಂಚಿ, ಹೀರುಹಾಸಿನ ಮೇಲೆ ಮಲಗಿಸುತ್ತೇವೆ. ಹೀರುಹಾಸೆಂದರೆ ಬಿದ್ದ ಹನಿಯನ್ನು ಕಲೆ, ವಾಸನೆ ಉಳಿಯದಂತೆ ನುಂಗುವ ಚಾಪೆ. ನನ್ನ ಮುದಿ ನಾಯಿ ಗುಂಡ್ಯಾನಿಗೂ ಹಾಗೇ ಮಾಡಿದರು. ಎದುರುಮನೆಯ ಫಕೀರಪ್ಪಜ್ಜ ತಾನೇ ಹಾರ ಹಾಕಿ, "ವಯಸ್ಸಾತವ್ವಾ, ಸೋರತೈತಿ. ಇನ್ನ ಆರಾಮ ಇರ್ಲಿ ಬಿಡು" ಅಂದ. ಎಲ್ಲರೂ ತಲೆಯಾಡಿಸಿದರು.

ಆರಾಮವೆಲ್ಲಿ ಬಂತು? ಕಾಲೆತ್ತುವುದು, ತಿಣುಕುವುದು, ಇಳಿಸುವುದು, ಮತ್ತೆ ಎತ್ತುವುದು. ಮಾದಲಿಯನ್ನು ಮೂಸಿಯೂ ನೋಡಲಿಲ್ಲ. ನನಗೆ ತಲೆ ಕೆಟ್ಟು ಹೀರುಹಾಸನ್ನು ಕಿತ್ತೆಸೆದೆ. ಬರಿ ನೆಲದ ಮೇಲೆ ಕಂಡದ್ದು ನಾಲ್ಕೇ ಹನಿ, ಅದರಲ್ಲೂ ರಕ್ತ. ಅಯ್ಯೋ ಶಿವನೇ ಎಂದು ಅವನನ್ನೆತ್ತಿಕೊಂಡು ಓಡಿದೆ.

ಪಶುವೈದ್ಯೆ ಶಮೀಮಾ ಅವನ ಹೊಟ್ಟೆಯ ಮೇಲೆ ಒಳಗನ್ನಡಿ ಇಟ್ಟಳು. ಅದು ಮೈಯೊಳಗನ್ನು ತೋರಿಸುವ ಗಾಜು. ಸೊಂಟದ ಎಲುಬುಗಳ ನಡುವೆ ಗಡ್ಡೆ ಬೆಳೆದು ಉಚ್ಚೆಯ ದಾರಿಯನ್ನು ಹಿಸುಕಿತ್ತು. ಉಚ್ಚೆಯ ಚೀಲ ತುಂಬಿ ಬಿರಿಯುವಂತಿತ್ತು, ಹೆಚ್ಚಾದದ್ದಷ್ಟೇ ಸೋರುತ್ತಿತ್ತು. ಗಡ್ಡೆಯನ್ನು ಪೂರ್ತಿ ತೆಗೆಯಲಾಗದು, ನಳಿಗೆಯಿಟ್ಟು ದಾರಿ ಬಿಡಿಸಬಹುದು, ಆದರೂ ಬಹಳ ಕಾಲ ಬದುಕಲಾರ ಎಂದಳು. ಇದ್ದಷ್ಟು ದಿನ ನೋವಿಲ್ಲದೆ ಹೊಯ್ಯಲಿ, ಇಡು ಎಂದೆ. ಮುದಿ ನಾಯಿಗೆ ಇಷ್ಟೆಲ್ಲ ಯಾಕೆಂದು ಓಣಿ ಗೊಣಗಿತು. ಗೊಣಗಲಿ.

ನಿಮ್ಮನ್ನು ಕೇಳಿಕೊಳ್ಳುವುದಿಷ್ಟೇ. ನಿಮ್ಮ ಮುದಿ ನಾಯಿ ಮತ್ತೆ ಮತ್ತೆ ತಿಣುಕಿದರೆ, ಹನಿಹನಿಯಾಗಿ ಹೊಯ್ದರೆ, ರಕ್ತ ಕಂಡರೆ, ವಯಸ್ಸಿನ ಮೇಲೆ ಹಾಕಿ ಕೈತೊಳೆದುಕೊಳ್ಳಬೇಡಿ. ಅಂದೇ ವೈದ್ಯರಿಗೆ ತೋರಿಸಿ. ಉಚ್ಚೆ ಪೂರ್ತಿ ಕಟ್ಟಿಕೊಂಡರೆ ಬೆಳಗಾಗುವವರೆಗೂ ಕಾಯಬೇಡಿ.

ನಳಿಗೆಯಿಟ್ಟು ಮನೆಗೆ ಕರೆತಂದ ಮೇಲೆ, ಇಂದು ಬೆಳಿಗ್ಗೆ ಗುಂಡ್ಯಾ ನೆಟ್ಟಗೆ ಎದುರುಮನೆಗೆ ಹೋಗಿ, ಫಕೀರಪ್ಪಜ್ಜನ ಹೊಸ ಚಪ್ಪಲಿಯ ಮೇಲೆ ಕಾಲೆತ್ತಿದ. ಚಪ್ಪಲಿ ಎಳೆದುಕೊಳ್ಳಲು ಬಗ್ಗಿದ ಅಜ್ಜ ಹಾಗೇ ನಿಂತ. ಧಾರೆ ನಿಲ್ಲಲೇ ಇಲ್ಲ. ಅಜ್ಜನ ಕಣ್ಣು ತುಂಬಿ ಬಂತು.

"ಹೊಯ್ಯಪಾ," ಅಂದ. "ಪೂರಾ ಹೊಯ್ಯಿ."

ನಿಮ್ಮ,
ನೀಲಗಂಗಾ ಹುಯಿಲಗೋಳ