ಮಂಚದ ಕೆಳಗೆ ಬಿಟ್ಟ ಉಡಿ

ಸೂಡಿ, ಗಜೇಂದ್ರಗಡ ತಾಲ್ಲೂಕು
೨೧ ಜನವರಿ ೨೦೨೫, ಮಂಗಳವಾರ

ಪ್ರೀತಿಯ ಅಮ್ಮನಿಗೆ, ದಾರಿಯಲ್ಲಿರುವ ಮಗಳ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಇಲ್ಲ ಜಯಂತ ನೆನಪಿಸಲಿ ಎಂದು ಕಾಯುತ್ತೀಯೋ? ಬಿ.ಪಿ. ಗುಳಿಗೆ ತಪ್ಪಿಸಬೇಡ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನ್ ಮಾಡಿದಾಗಲೆಲ್ಲ ನೀನು ಸ್ನಾನಕ್ಕೆ ಹೋಗಿರುತ್ತೀ, ಇಲ್ಲ ದೇವರ ಮುಂದೆ ಕೂತಿರುತ್ತೀ ಎಂದು ತಮ್ಮ ಹೇಳುತ್ತಾನೆ. ಪಾಪ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಐವತ್ತು ದಿನ ಯಾರೂ ಸ್ನಾನ ಮಾಡುವುದಿಲ್ಲಮ್ಮ. ಅದಕ್ಕೇ ಈ ಕಾಗದ. ಕೈಗೆ ಬಂದ ಕಾಗದವನ್ನು ನೀನು ಓದದೆ ಇಡುವವಳಲ್ಲ.

ಕನ್ಯಾಕುಮಾರಿಯಿಂದ ಓಡಲು ಶುರುಮಾಡಿ ಇಂದಿಗೆ ಐವತ್ತೆರಡು ದಿನ. ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್, ರಾತ್ರಿ ಯಾರ ಮನೆಯಲ್ಲಿ ಜಾಗ ಕೊಟ್ಟರೆ ಅಲ್ಲಿ ಮಲಗುವುದು, ಹೀಗೇ ಕಾಶ್ಮೀರದವರೆಗೆ ಎಂದು ಲೆಕ್ಕ ಹಾಕಿದ್ದೆ. ಬಿಸಿಲು, ಲಾರಿ, ನಾಯಿ ಯಾವುದೂ ಇಲ್ಲಿಯವರೆಗೆ ನನ್ನನ್ನು ತಡೆದಿರಲಿಲ್ಲ. ನಮ್ಮ ಸೀಮೆಗೆ ಬಂದ ಮೇಲೆ ಜನ ತಡೆದರು. ನರಗುಂದ ದಾಟಿದಾಗಿನಿಂದ ನಾನು ಓಡುತ್ತಿಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಊಟಕ್ಕೆ ಹೋಗುತ್ತಿದ್ದೇನೆ. ಬೆವರು ಸುರಿಸಿಕೊಂಡು ಓಡುವ ಹೆಂಗಸನ್ನು ಕಂಡರೆ ಸಾಕು, ಬೈಕ್ ನಿಲ್ಲಿಸಿ "ಹತ್ರಿ ಅಕ್ಕಾರ, ಬಿಡ್ತೀನಿ" ಅನ್ನುತ್ತಾರೆ. ಬೇಡಪ್ಪ, ಓಡಿಯೇ ಹೋಗಬೇಕು ಎಂದರೆ "ಬಸ್ಸು ತಪ್ಪೇತೇನ್ರಿ?" ಎಂದು ಮರುಗುತ್ತಾರೆ. ರಾತ್ರಿ ಉಳಿದ ಮನೆಯವರು ಮುಂದಿನ ಊರಿನ ಬೀಗರಿಗೆ ಫೋನ್ ಮಾಡಿಬಿಟ್ಟಿರುತ್ತಾರೆ. ನಾನು ಮುಟ್ಟುವ ಮೊದಲೇ ಅಲ್ಲಿ ರೊಟ್ಟಿ ತಯಾರು. ಮೂರು ರೊಟ್ಟಿ, ಎಣಗಾಯಿ, ಕೆನೆಮೊಸರು ತಿಂದು ಓಡಿ ನೋಡು, ಆಗ ನನ್ನ ಕಷ್ಟ ತಿಳಿದೀತು.

ಇದನ್ನೆಲ್ಲ ಸಹಿಸಿಯೇನು. ಉಡಿಯೊಂದನ್ನು ಸಹಿಸಲಾರೆ. ಹೆಣ್ಣುಮಗಳು ಬರಿ ಮಡಿಲಲ್ಲಿ ಹೊಸ್ತಿಲು ದಾಟಬಾರದಂತೆ. ಹೊರಡುವ ಹೊತ್ತಿಗೆ ಮಣೆ ಹಾಕಿ ಕೂಡಿಸುತ್ತಾರೆ. ಟೀ ಶರ್ಟಿಗೆ ಸೆರಗು ಎಲ್ಲಿಂದ ಬರಬೇಕು? ಹೆಗಲಿಗೊಂದು ಟವೆಲ್ ಹೊದಿಸಿ ಅದರ ತುದಿಗೇ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಬೇರು, ಕುಬಸದ ಖಣ ಹಾಕುತ್ತಾರೆ. ಭಾರ ಕಡಿಮೆಯಾಗಲಿ ಎಂದು ಹಲ್ಲುಜ್ಜುವ ಬ್ರಷ್ಷನ್ನೂ ಅರ್ಧ ಮುರಿದು ತಂದವಳು ನಾನು. ಬೆನ್ನ ಮೇಲೆ ತೆಂಗಿನಕಾಯಿ ಹೊತ್ತು ಹೇಗೆ ಓಡಲಿ?

ಬೆಳವಣಕಿಯಲ್ಲಿ ಅಂದಾನಪ್ಪ ಎಂಬ ಎಪ್ಪತ್ತರ ರೈತರ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಅವರ ಹೆಂಡತಿ ಉಡಿ ತುಂಬಿದರು. ಚೀಲ ತರುವ ನೆಪದಲ್ಲಿ ಒಳಗೆ ಹೋಗಿ ಅದನ್ನು ಮೆಲ್ಲಗೆ ಮಂಚದ ಕೆಳಗೆ ತಳ್ಳಿ ಓಡಿಬಂದೆ. ಇನ್ನೇನು ರೋಣ ಬಂತು ಅನ್ನುವಾಗ ಹಿಂದೆ ಹಾರ್ನ್. ನೋಡಿದರೆ ಅಂದಾನಪ್ಪ, ಮೊಪೆಡ್ಡಿನ ಮೇಲೆ, ಮುಂದೆ ಆ ಗಂಟು. "ಯವ್ವಾ, ಉಡಿ ಮರ್ತ ಬಂದೀದಿ! ನಮ್ಮ ಕಡಿಂದ ಏನ್ ತಪ್ಪಾತೋ ಅಂತ ನಮ್ಮಾಕಿ ಒಂದ ಸವನ ಅಳಾಕತ್ಯಾಳ." ನಾಷ್ಟಾ ಸಹ ಮಾಡದೆ ಬಂದಿದ್ದರು. ತಾವೇ ಸುತಳಿಯಿಂದ ಗಂಟನ್ನು ನನ್ನ ಚೀಲಕ್ಕೆ ಬಿಗಿದು, ಎರಡು ಸಲ ಜಗ್ಗಿ ನೋಡಿ, "ಹಾಂ, ಈಗ ಓಡು" ಅಂದರು. ಹೆಜ್ಜೆಗೊಮ್ಮೆ ಆ ಕಾಯಿ ಬೆನ್ನಿಗೆ ಗುದ್ದುತ್ತಿತ್ತು. ಸಿಟ್ಟಿನಿಂದ ರೋಣದ ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ.

ನಿನ್ನೆ ಸಂಜೆ ಇಲ್ಲಿ ಸೂಡಿಗೆ, ಅಂದಾನಪ್ಪನ ಅಕ್ಕ ಮುದುಕವ್ವನ ಮನೆಗೆ ಬಂದೆ. ಇವತ್ತು ನಸುಕಿನಲ್ಲೇ ಹೊರಟರೆ ಬಾಗಿಲಿಗೆ ಅಡ್ಡ ನಿಂತರು. "ಮಂಗಳವಾರ ಮಗಳನ್ನ ಕಳಸೂದಿಲ್ಲ. ನಾಳಿ ಉಡಿ ತುಂಬಿ ಕಳಸ್ತೀನಿ." ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಇಲ್ಲಿಯವರೆಗೆ ಎಲ್ಲ ಮನೆಗಳಲ್ಲೂ ಗಂಡ ಪುಣೆಯಲ್ಲಿದ್ದಾನೆ ಎಂದು ಸುಳ್ಳು ಹೇಳಿಕೊಂಡು ಬಂದವಳು, ಅಂಗಳದಲ್ಲಿ ನಿಂತು ಕೂಗಿಬಿಟ್ಟೆ. ಗಂಡನನ್ನು ಬಿಟ್ಟು ನಾಲ್ಕು ವರ್ಷವಾಯಿತು, ನನ್ನ ಹೆತ್ತ ತಾಯಿಯೇ ಉಡಿ ತುಂಬಲಿಲ್ಲ, ನೀವ್ಯಾರು ತುಂಬಲು ಎಂದು. ಆ ಮಾತಿಗೆ ನನಗೇ ನಾಚಿಕೆಯಾಯಿತು. ಮುದುಕವ್ವ ಒಲೆಯ ಮುಂದೆ ಹೋಗಿ ಕೂತು ರೊಟ್ಟಿ ಬಡಿಯತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆಯೇ, "ಉಡಿ ಏನ್ ಗಂಡಗ ತುಂಬತಾರೇನವಾ? ಹೊಂಟಾಕಿಗೆ ತುಂಬತಾರ. ಬಾ, ರೊಟ್ಟಿ ಬಿಸಿ ಐತಿ" ಅಂದರು.

ಅಮ್ಮಾ, ನನಗೆ ಇವರ ಮೇಲೆ ಸಿಟ್ಟಿಲ್ಲ. ನಿನ್ನ ಮೇಲೆ ಸಿಟ್ಟು. ಮನೆ ಬಿಟ್ಟ ದಿನ ಪಡಸಾಲೆಯಲ್ಲಿ ಕೂತು ಶೂ ದಾರವನ್ನು ಮೂರು ಸಲ ಬಿಚ್ಚಿ ಕಟ್ಟಿದೆ, ನೀನು ಹೊರಗೆ ಬಂದೀಯೆಂದು. "ಗಂಡನ ಮನಿಗೆ ಹೊರಟ ದಿನ ತುಂಬತೀನಿ" ಎಂದು ನೀನು ಅಡುಗೆಮನೆಯಿಂದಲೇ ಹೇಳಿದೆ. ಆ ಮಾತು ಈ ತೆಂಗಿನಕಾಯಿಗಿಂತ ಭಾರವಿದೆ. ಐವತ್ತೆರಡು ದಿನವೂ ಅದನ್ನು ಹೊತ್ತೇ ಓಡಿದ್ದೇನೆ.

ಜಯಂತನಿಗೆ ಆಶೀರ್ವಾದ. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ. ಮುದುಕವ್ವ ಮತ್ತೆ ಊಟಕ್ಕೆ ಕರೆಯುತ್ತಿದ್ದಾರೆ, ದೇವರೇ ಗತಿ.

ನಿನ್ನ ಮಗಳು
ಪ್ರಣೀತಾ

ತಾ.ಕ.: ಬರುವ ಸೋಮವಾರ ಬೆಳಿಗ್ಗೆ ವಿಜಯಪುರ ಮುಟ್ಟುತ್ತೇನೆ. ನನ್ನ ದಾರಿ ನಮ್ಮ ಓಣಿಯ ಮೇಲೆ ಹಾಯುವುದಿಲ್ಲ, ಆದರೂ ಬರುತ್ತೇನೆ. ಒಳಗೆ ಬರುವುದಿಲ್ಲ, ಕಟ್ಟೆಯ ಹತ್ತಿರ ನಿಂತಿರುತ್ತೇನೆ. ಅಂದಾನಪ್ಪ ಕಟ್ಟಿದ ಗಂಟನ್ನು ಇನ್ನೂ ಬಿಚ್ಚಿಲ್ಲ. ಅಕ್ಕಿ, ಕಾಯಿ, ಖಣ ಎಲ್ಲ ಅದರಲ್ಲೇ ಇವೆ, ನೀನು ಏನೂ ತರಿಸಬೇಕಾಗಿಲ್ಲ. ಬಾಗಿಲಿಗೆ ಬಂದರೆ ಸಾಕು.