ರಕ್ತದ ರಿಪೋರ್ಟು ಬಂದ ಮೇಲೆ

ಬೋವಿಕಾನ,
೯ ಫೆಬ್ರವರಿ ೨೦೨೬

ನನ್ನ ಮುದ್ದಿನ ತಂಗಿ ವಸುವಿಗೆ,

ಹೇಗಿದ್ದೀ? ಮಸ್ಕತ್ತಿಗೆ ಹೋದ ಮೇಲೆ ಹಿಡಿದ ಆ ಕೆಮ್ಮು ಕಡಿಮೆಯಾಯಿತೇ? ಏಸಿಯನ್ನು ಮುಖಕ್ಕೆ ತಿರುಗಿಸಿಕೊಂಡು ಮಲಗಬೇಡ ಮಾರಾಯ್ತಿ. ಅಶ್ಮಿತಾಳ ಪರೀಕ್ಷೆ ಹೇಗಾಯಿತು? ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅಳುತ್ತೀ, ಮಾತು ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಓಣಂ ಹೊತ್ತಿಗೆ ಟೀಚರೊಬ್ಬರ ರವಿಕೆಯ ಎರಡೂ ತೋಳನ್ನು ಎಡಗೈಗೇ ಕತ್ತರಿಸಿಬಿಟ್ಟೆ. ಅವರು ನಕ್ಕರು, ನಾನೂ ನಕ್ಕೆ. ಆಮೇಲೊಂದು ದಿನ ಹೊಲಿಗೆ ಮೆಷಿನ್ನಿಗೆ ದಾರ ಪೋಣಿಸುವುದು ಹೇಗೆಂದು ತಿಳಿಯದೆ ಅಂಗಡಿಯಲ್ಲಿ ಕುಳಿತೇ ಇದ್ದೆ. ಊಟಕ್ಕೆ ಕರೆಯಲು ಬಂದ ನಿನ್ನ ಭಾವ, "ಎಂತ ಆಯಿತು ನಿನಗೆ?" ಎಂದರು. ಕೈಯಲ್ಲಿದ್ದ ದಾರ ತೋರಿಸಿದೆ. ಮಂಗಳೂರಿಗೆ ಕರೆದುಕೊಂಡು ಹೋದರು.

ಡಾಕ್ಟರಮ್ಮ ನೆನಪು ಪರೀಕ್ಷಿಸಲು ನನ್ನಿಂದ ಗಡಿಯಾರದ ಚಿತ್ರ ಬರೆಸಿದರು, ತಲೆಯ ಸ್ಕ್ಯಾನ್ ಮಾಡಿಸಿದರು, ಆಮೇಲೆ ರಕ್ತ ತೆಗೆಸಿದರು. ಮೊದಲಾದರೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯಬೇಕಿತ್ತಂತೆ. ಈಗ ಮೆದುಳಿನ ಒಂದು ಪ್ರೋಟೀನಿನ ಸುಳಿವು ಕೈಯ ರಕ್ತದಲ್ಲೇ ಸಿಗುತ್ತದಂತೆ. ಶುಗರ್ ನೋಡಲು ತೆಗೆಯುವಷ್ಟೇ ರಕ್ತ. ರಿಪೋರ್ಟು ಬಂದ ಮೇಲೆ ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, "ಮನೋರಮಾ, ರಕ್ತ ಒಂದನ್ನೇ ನೋಡಿ ನಾನು ಹೇಳುವುದಲ್ಲ. ಎಲ್ಲ ಸೇರಿಸಿ ನೋಡಿದರೆ ಇದು ಅಲ್ಜೈಮರ್. ಶುರುವಿನಲ್ಲೇ ಗೊತ್ತಾಗಿದೆ. ಮದ್ದು ಉಂಟು, ಆದರೆ ಪೂರ್ತಿ ಗುಣವಾಗುವ ಮದ್ದಲ್ಲ" ಎಂದರು. ನಿನ್ನ ಭಾವ, "ಬೇರೆ ಯಾರದ್ದಾದರೂ ರಕ್ತದ ಜೊತೆ ಅದಲುಬದಲು ಆಗಿರಬಹುದಲ್ಲ?" ಎಂದು ಕೇಳಿದ್ದನ್ನೇ ಕೇಳಿದರು. ಪಾಪ. ನನಗೆ ಮಾತ್ರ ಏನೂ ಅನ್ನಿಸಲಿಲ್ಲ. ಡಾಕ್ಟರಮ್ಮನ ಮೇಜಿನ ಬಟ್ಟೆಯ ಅಂಚು ಬಿಚ್ಚಿಕೊಂಡಿತ್ತು, ಅದನ್ನೇ ನೋಡುತ್ತಿದ್ದೆ. ಬಸ್ಸಿನಲ್ಲಿ ನಿದ್ದೆ ಮಾಡಿದೆ. ಮನೆಗೆ ಬಂದು ಮೀನಿನ ಸಾರು ಬಿಸಿ ಮಾಡಿದೆ. ನಿನ್ನ ಭಾವ ಅರ್ಧ ಊಟಕ್ಕೇ ಎದ್ದರು, ನಾನು ಮತ್ತೆ ಬಡಿಸಿಕೊಂಡೆ. ಹೆದರಿಕೆ ಬರಬೇಕಲ್ಲ ಎಂದು ಈಗಲೂ ಕಾಯುತ್ತಿದ್ದೇನೆ, ಬರುವುದಿಲ್ಲ.

ಅಂಗಡಿ ಮುಚ್ಚಿಲ್ಲ. ಬಟ್ಟೆ ಕತ್ತರಿಸುವುದನ್ನು ಜೊತೆಯ ಕಮಲ ಮಾಡುತ್ತಾಳೆ, ಗುಂಡಿ ನಾನು ಹಾಕುತ್ತೇನೆ.

ನಿನ್ನವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಅಶ್ಮಿತಾಳಿಗೆ ದೊಡ್ಡಮ್ಮನ ಮುತ್ತು. ಮುಳಿಯಾರಿನ ಸುಬ್ರಹ್ಮಣ್ಯ ದೇವರು ನಿಮ್ಮನ್ನು ಸುಖವಾಗಿಟ್ಟಿರಲಿ.

ನಿನ್ನ ಅಕ್ಕ,
ಮನೋರಮಾ

ತಾ.ಕ.: ಅಮ್ಮ ಕೊನೆಗಾಲದಲ್ಲಿ, "ನನ್ನ ಕರಿಮಣಿ ಕದ್ದವಳು ನೀನೇ" ಎಂದು ನಿನ್ನನ್ನು ಮನೆಯಿಂದ ಹೊರಗೆ ಹಾಕಿದ್ದಳಲ್ಲ. ಸರ ಅಕ್ಕಿ ಡಬ್ಬದಲ್ಲಿ ಸಿಕ್ಕಿದ ಮೇಲೂ ನೀನು ಅವಳ ಹತ್ತಿರ ಮಾತಾಡಲಿಲ್ಲ. ಅವಳಿಗೂ ಇದೇ ಇದ್ದಿರಬೇಕು ವಸು. ಆಗ ಯಾರೂ ಪರೀಕ್ಷೆ ಮಾಡಿಸಲಿಲ್ಲ. ಮುಂದೆ ನಾನೂ ನಿನಗೆ ಹಾಗೆ ಏನಾದರೂ ಹೇಳಿಯೇನು. ಹೇಳಿದ ದಿನ ಚೆನ್ನಾಗಿ ಬೈದುಬಿಡು. ಮಾರನೆಯ ದಿನ ಫೋನ್ ಮಾಡು.